ತವರಿಗೆ ಹೋಗಿದ್ದೇನೆಂದು ಹೇಳಿಸಿದ ದಿನ

ಆ ದಿನ ಊರಿನವರ ಲೆಕ್ಕದಲ್ಲಿ ನಾನು ಸಾಲಿಗ್ರಾಮದ ತವರುಮನೆಯಲ್ಲಿದ್ದೆ. ನಿಜಕ್ಕೂ ಇದ್ದದ್ದು ರಾವಂದೂರಿನ ಹತ್ತಿರದ ನಮ್ಮದೇ ಮನೆಯ ಕೋಣೆಯಲ್ಲಿ, ಸ್ವೆಟರ್ ಹಾಕಿಕೊಂಡು, ಕಂಬಳಿ ಹೊದ್ದುಕೊಂಡು.

ಹೊಗೆಸೊಪ್ಪಿನ ಕಾಲ ಬಂದರೆ ನಮ್ಮಲ್ಲಿ ಮುಯ್ಯಾಳು ನಡೆಯುತ್ತದೆ. ನಮ್ಮ ಸೊಪ್ಪಿಗೆ ನೀನು ಬಾ, ನಿನ್ನ ಸೊಪ್ಪಿಗೆ ನಾನು ಬರುತ್ತೇನೆ, ಕೂಲಿಯ ಮಾತಿಲ್ಲ. ಗಂಡಸರು ಹೊಲದಲ್ಲಿ ಎಲೆ ಮುರಿದು ತಂದು ಹಾಕುತ್ತಾರೆ. ಅದನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ, ಬೆಂಕಿಯ ಕಾವಿನಲ್ಲಿ ಸೊಪ್ಪು ಬೇಯಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಅಣಿಮಾಡುವುದು ಹೆಂಗಸರ ಕೆಲಸ. ಮುಯ್ಯಿ ತೀರಿಸದವಳ ಹೆಸರು ಊರಲ್ಲಿ ಉಳಿಯುವುದಿಲ್ಲ. ಪಕ್ಕದ ಮನೆಯವಳು ಹಿಂದಿನ ವಾರ ದಿನವಿಡೀ ಕೂತು ನಮ್ಮ ಸೊಪ್ಪು ಕಟ್ಟಿದ್ದಳು. ಈಗ ಅವಳದಕ್ಕೆ ನಾನು ಹೋಗಬೇಕಿತ್ತು.

ಥೈರಾಯ್ಡ್ ಮಾತ್ರೆ ಶುರುವಾಗಿ ಎಂಟು ತಿಂಗಳಾಗಿತ್ತು. ಹುಣಸೂರಿನ ಡಾಕ್ಟರು ರಿಪೋರ್ಟ್ ನೋಡಿ, "ನಾರ್ಮಲ್ ಬಂದಿದೆಯಲ್ಲಮ್ಮ" ಎಂದಿದ್ದರು. ನಾರ್ಮಲ್ ಆಗಿದ್ದು ರಿಪೋರ್ಟು, ನಾನಲ್ಲ. ಬಾಚಣಿಗೆ ತುಂಬ ಕೂದಲು, ಬೆಳಿಗ್ಗೆ ಎದ್ದರೆ ಊದಿದ ಮುಖ, ಒಂದು ಕೊಡ ನೀರು ತಂದಿಟ್ಟರೆ ಗೋಡೆ ಹಿಡಿದು ಕೂರಬೇಕು. ಇನ್ನೂ ಸುಸ್ತು ಸಾರ್ ಎಂದರೆ, "ಕೆಲವರಿಗೆ ನಿಧಾನ. ಮಾತ್ರೆ ಬಿಡಬೇಡಿ, ಮತ್ತೆ ಬನ್ನಿ" ಎಂದರು. ಜ್ವರವಾದರೆ ಹಣೆ ಮುಟ್ಟಿ ನೋಡಿ ಎನ್ನಬಹುದು. ಈ ಹಾಳು ಸುಸ್ತನ್ನು ಯಾರಿಗೆ ತೋರಿಸಲಿ?

ಆದರೆ ನನ್ನನ್ನು ಮನೆಯೊಳಗೆ ಕೂರಿಸಿದ್ದು ಸುಸ್ತೊಂದೇ ಅಲ್ಲ. ಹಿಂದಿನ ವರ್ಷ ಇದೇ ಪಕ್ಕದ ಮನೆಯವಳು ಸೊಂಟ ನೋವೆಂದು ಕೆಲಸ ಅರ್ಧಕ್ಕೆ ಬಿಟ್ಟು ಎದ್ದಾಗ, "ಮೈಗಳ್ಳಿ, ಆಟ ಕಟ್ತಾಳೆ" ಎಂದಿದ್ದೆ, ಎಲ್ಲರ ಮುಂದೆ. ಮೆಲ್ಲಗೆ ಮಾತಾಡುವ ಅಭ್ಯಾಸ ನನ್ನ ಬಾಯಿಗೆ ಮೊದಲಿಂದಲೂ ಇಲ್ಲ. ಅವಳಿಗೆ ಕೇಳಿಸಿತ್ತು. ಅಂಥವಳ ಎದುರು ಕೂತು ಈಗ ನಾನು ತೂಕಡಿಸುವುದೇ?

"ನೀ ಮನಿಕೊ ಮಗ, ನಾ ಓಯ್ತೀನಿ" ಎಂದರು ಅತ್ತೆ. ಎಪ್ಪತ್ತು ದಾಟಿದವರು. "ತವರಿಗೆ ಓಗವ್ಳೆ ಅಂತೀನಿ ಬುಡು."

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಅವರು ಅಂಗಳ ದಾಟುವ ಮೊದಲೇ ನನಗೆ ನಿದ್ದೆ ಹತ್ತಿತ್ತು, ಥೂ ನನ್ನ ಜನ್ಮಕ್ಕೆ.

ಸಂಜೆ ಹೊರಗೆ ಮಾತು ಕೇಳಿ ಎಚ್ಚರವಾಯಿತು. ಬಾಗಿಲ ಸಂದಿಯಿಂದ ನೋಡಿದೆ. ಪಕ್ಕದ ಮನೆಯವಳು ಅತ್ತೆಯ ತೋಳು ಹಿಡಿದು ಕರೆತಂದು ಜಗಲಿಯ ಮೇಲೆ ಕೂರಿಸುತ್ತಿದ್ದಳು. ಸೊಪ್ಪಿನ ಅಂಟು ಮೆತ್ತಿ ಅತ್ತೆಯ ಕೈಗಳು ಕಪ್ಪಾಗಿದ್ದವು, ಬೆರಳು ಮಡಚಲಾಗುತ್ತಿರಲಿಲ್ಲ. ಅವಳೇ ಚೊಂಬಿನಿಂದ ನೀರು ಕುಡಿಸಿದಳು. ಆಮೇಲೆ ಹೊಸ್ತಿಲ ಕಡೆ ನೋಡಿದಳು. ಅಲ್ಲಿ ನನ್ನ ಚಪ್ಪಲಿ ಇತ್ತು. ನನಗಿರುವುದು ಅದೊಂದೇ ಜೊತೆ, ಅದು ಅವಳಿಗೂ ಗೊತ್ತು.

ಎಷ್ಟೋ ತಿಂಗಳಿಂದ ಚಳಿ ಬಿಡದ ನನ್ನ ಮೈ ನಾಚಿಕೆಯಿಂದ ಬಿಸಿಯಾಯಿತು.

"ದೊಡ್ಡವ್ವ," ಎಂದಳು, ಒಳಗೆ ಕೇಳುವಷ್ಟು ಜೋರಾಗಿ. "ನಿಮ್ ಸೊಸೆ ತವರಿಂದ ಬಂದ್ಮೇಲೆ ಹೇಳಿ. ಸುಸ್ತಿದ್ರೂ ಬರ್ಲಿ, ನಮ್ ಜೊತೆ ಸುಮ್ಕೆ ಕೂತಿರ್ಲಿ. ನಾನೇನೂ ಅನ್ನಾಕಿಲ್ಲ ಕಣ್ರೀ."

ಬಾಗಿಲು ತೆಗೆದು ಹೊರಗೆ ಹೋಗಿ ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಅವಳು ತನ್ನ ಮನೆ ಸೇರುವವರೆಗೂ ಚಿಲಕ ಹಿಡಿದು ನಿಂತೇ ಇದ್ದೆ.

ಆಮೇಲೆ ಬಿಸಿನೀರು, ಹುಣಸೆಹಣ್ಣು ತಂದು ಅತ್ತೆಯ ಕೈ ತಿಕ್ಕತೊಡಗಿದೆ. ಎಷ್ಟು ತಿಕ್ಕಿದರೂ ಅಂಟು ಪೂರ್ತಿ ಬಿಡಲಿಲ್ಲ. ನಾನು ತಲೆ ಎತ್ತಲಿಲ್ಲ. ಅತ್ತೆಯೇ ಮಾತಾಡಿದರು, ತಪ್ಪೆಲ್ಲ ತಮ್ಮದೇ ಎನ್ನುವಂತೆ.

"ಚಪ್ಲಿ ಒಳಿಕ್ಕೆ ಮಡಗಿ ಓಗ್ಬೇಕಿತ್ತು ಕಣ್ ಮಗ. ಮರ್ತ್‌ಬುಟ್ಟೆ."