ಹುಲ್ಲಿಗೆ ಇಳಿಯದ ಬಾಯ್ಲರ್ ಕೋಳಿಗಳು

ಶೆಡ್ಡಿನ ಬಾಗಿಲು ತೆರೆದೇ ಇತ್ತು. ಆಚೆ ಮಳೆಗಾಲ ಕಳೆದ ಹುಲ್ಲು ಗೇಣುದ್ದ ನಿಂತಿತ್ತು. ಬಾಯ್ಲರ್ ಕೋಳಿಗಳು ಮಾತ್ರ ಒಳಗೆ ಭತ್ತದ ಹೊಟ್ಟಿನ ಮೇಲೆ ಕುಳಿತು ಹೊರಗೆ ನೋಡುತ್ತಿದ್ದವು. ನೋಡುತ್ತಿದ್ದವೋ ಇಲ್ಲವೋ, ಅದನ್ನೂ ಖಚಿತವಾಗಿ ಹೇಳಲಾರೆ. ಕೋಳಿಯ ಕಣ್ಣಿರುವುದು ತಲೆಯ ಪಕ್ಕಕ್ಕೆ.

"ಇವಕ್ಕ ಹೊರಗ ಹೋಗಾಕ ಏನ್ ಧಾಡಿ?" ಎಂದೆ.

"ಅವನ್ನ ಕೇಳು," ಎಂದಳು ಅಕ್ಕ. "ಡಿಬೇಟ್ ಮಾಡಾಂವ ನೀ."

ನಾವಿಬ್ಬರೂ ಬೆಳೆದದ್ದು ಬೆಳಗಾವಿಯ ಹಿಂದವಾಡಿಯಲ್ಲಿ. ಅಕ್ಕನನ್ನು ಕೊಟ್ಟದ್ದು ಖಾನಾಪುರದಿಂದ ನಂದಗಡಕ್ಕೆ ಹೋಗುವ ದಾರಿಯ ಒಂದು ಊರಿಗೆ, ಮೊನ್ನೆ ಮೊನ್ನೆಯವರೆಗೆ ಕುರಿ ಕಾಯ್ದ ಮನೆಗೆ. ಕುರಿ ಮಾರಿದ ಮೇಲೆ ಶೆಡ್ ಎದ್ದಿತು. ಕೋಳಿ ಕಂಪನಿಯವನೊಬ್ಬ ಬಂದು, ಮರಿ ನಮ್ಮವು, ಕಾಳು ನಮ್ಮದು, ಬೆಳೆದ ಮೇಲೆ ಒಯ್ಯುವವರೂ ನಾವೇ, ಬಾಗಿಲು ಮಾತ್ರ ಸದಾ ಮುಚ್ಚಿರಬೇಕು ಎಂದ. ಅಕ್ಕ ಒಪ್ಪಲಿಲ್ಲ. ಹೊರಗೆ ತಿರುಗಾಡಿದ ಕೋಳಿಯನ್ನೇ ಸಾಕುತ್ತೇನೆಂದು ಹಟ ಹಿಡಿದಳು. ಅವಳ ಮಾವ ಒಂದೇ ಮಾತು ಹೇಳಿದ್ದರು: "ಈ ಬ್ಯಾಚ್ ನಿಂದು. ಗಿರಾಕಿ ಸಿಕ್ಕರ ನಡೀಲಿ. ಇಲ್ಲಂದ್ರ ಕಂಪನಿಗೆ ಹೂಂ ಅನ್ನೂಣು."

ಸಿಕ್ಕಿದ್ದ ಗಿರಾಕಿ ಒಬ್ಬಳೇ. ಬೆಳಗಾವಿಯ ಆಟೋ ನಗರದ ಬಾಜು ಖಾನಾವಳಿ ನಡೆಸುವ, ಎಲ್ಲರೂ ಮಾವಶಿ ಎಂದು ಕರೆಯುವ ಹೆಂಗಸು. ಕೋಳಿ ಹುಲ್ಲಿನಲ್ಲಿ ಮೇಯುವುದನ್ನು ಕಣ್ಣಾರೆ ನೋಡಿಯೇ ಮಾತು ಎಂದಿದ್ದಳು. ಅವಳು ಬರುವ ದಿನ ಅಕ್ಕ ನನ್ನನ್ನೂ ಕರೆಸಿಕೊಂಡಳು, ಬಾಯಿ ಇರುವವನೊಬ್ಬ ಜೊತೆಗಿರಲೆಂದು.

ತಮಾಷೆಯೆಂದರೆ, ನಾನು ವಾರಗಟ್ಟಲೆ ಫೋನಿನಲ್ಲಿ ಅಕ್ಕನ ವಿರುದ್ಧವೇ ವಾದಿಸಿದ್ದೆ. ಕೊನೆಗೆ ಕೊಯ್ಯುವುದೇ ಆದರೆ ಈ ಬಯಲು, ಈ ಹುಲ್ಲು ಯಾರ ಸಮಾಧಾನಕ್ಕೆ? ತಿನ್ನುವವರ ಸಮಾಧಾನಕ್ಕೆ ತಾನೆ? ಅವಳು ಬಾಗಿಲು ಮಾತ್ರ ಮುಚ್ಚಲಿಲ್ಲ. ಈಗ ನೋಡಿದರೆ, ಒಂದಾದರೂ ಹೊರಗೆ ಬರಲಿ ಎಂದು ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕುಳಿತವನು ನಾನೇ.

ಅಕ್ಕನ ಮಾವ ಕೋಲು ಹಿಡಿದು ಬಂದರು. "ಮುಂದಿಂದೊಂದು ಹೊಂಟ್ರ ಉಳಿದಾವು ತಾವಾಗೇ ಬರ್ತಾವ," ಎಂದು ದಪ್ಪನೆಯ ಹುಂಜವೊಂದನ್ನು ಎತ್ತಿ ಹುಲ್ಲಿನ ನಡುವೆ ಬಿಟ್ಟರು. ಹಳ್ಳ ದಾಟುವಾಗ ಟಗರನ್ನು ಮೊದಲು ಆಚೆ ದಡಕ್ಕೆ ಒಯ್ದು ಹಿಂಡನ್ನೆಲ್ಲ ದಾಟಿಸಿದ ಕೈ ಅದು. ಹುಂಜ ಸುತ್ತ ನೋಡಿ, ದಡಬಡಿಸುತ್ತ ವಾಪಸ್ ಒಳಗೆ ಓಡಿತು. ಅವರು ಹಿಂದಿನಿಂದ ಹೋಗಿ "ಹುರ್ರ್, ಹುರ್ರ್" ಎಂದು ಅಟ್ಟಿದರು. ಕೋಳಿಗಳೆಲ್ಲ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದವು.

"ಮಾಮಾ, ಬಿಡ್ರಿ! ಉಸಿರು ಕಟ್ಟಿ ಸಾಯ್ತಾವ!" ಅಕ್ಕ ಓಡಿಬಂದು ಎರಡೂ ಕೈಯಲ್ಲಿ ಅವುಗಳನ್ನು ಬಿಡಿಸಿದಳು.

"ಇವೇನ್ ಪ್ರಾಣಿನಽ ಅಲ್ಲ," ಎಂದು ಮಾವ ಕೋಲು ಊರಿ ಹೊರಟುಹೋದರು.

ಬಿಸಿಲು ನೆತ್ತಿಗೇರಿದಾಗ ಮಾವಶಿ ಬಂದಳು. ಹುಲ್ಲು ನೋಡಿದಳು, ಶೆಡ್ಡಿನೊಳಗೆ ಇಣುಕಿದಳು. "ಎಲ್ಲಿ ಮೇಯಾಕತ್ತಾವ?"

ನಾನು ಶುರು ಮಾಡಿದೆ. ಮುಖ್ಯವಾದದ್ದು ಆಯ್ಕೆ, ಬಾಗಿಲು ತೆರೆದಿದೆ, ಹೋಗುವುದೂ ಬಿಡುವುದೂ ಕೋಳಿಯ ಇಷ್ಟ.

"ನನ್ನ ಮಂದಿ ಬಾಗಲಾ ತಿನ್ನಾಂಗಿಲ್ಲ ತಮ್ಮಾ."

ಅಕ್ಕ ನಡುವೆ ಬಂದಳು. "ಖರೇ ಹೇಳ್ತೀನಿ ಮಾವಶಿ, ಬಿಸಲಾಗ ಬರಾಂಗಿಲ್ಲ. ಇಳಿಹೊತ್ತಿಗೆ ಬರ್ತಾವ, ಅದೂ ಎಲ್ಲಾ ಅಲ್ಲ. ಕುಂದರ್ರಿ, ಚಾ ಕುಡದು ನೋಡೇ ಹೋಗ್ರಿ."

ಮಾವಶಿ ಕುಳಿತಳು. ಶೆಡ್ಡಿನ ನೆರಳು ಹುಲ್ಲಿನ ಮೇಲೆ ಉದ್ದವಾದಾಗ ಒಂದು ಕೋಳಿ ಹೊಸ್ತಿಲಿಗೆ ಬಂತು, ಆಮೇಲೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಒಂದಷ್ಟು ನೆರಳಿಗಿಳಿದು, ನಾಲ್ಕು ಹೆಜ್ಜೆ ಹಾಕಿ ಕುಳಿತೇಬಿಟ್ಟವು. ಕುಳಿತಲ್ಲೇ ಕೆಲವು ಹುಲ್ಲು ಕುಕ್ಕಿದವು. ಉಳಿದವು ಸುಮ್ಮನೆ ಗಾಳಿಗೆ ರೆಕ್ಕೆ ಬಿಟ್ಟುಕೊಂಡವು. ಅದಕ್ಕೆ ಸುಖ ಅನ್ನಬೇಕೋ ದಣಿವು ಅನ್ನಬೇಕೋ ನನಗೆ ಹೊಳೆಯಲಿಲ್ಲ.

"ಸಾಕು," ಎಂದಳು ಮಾವಶಿ. "ಪ್ರತಿ ಬ್ಯಾಚ್ ನನಗ ಕೊಡು. ಬೋರ್ಡಿಗೆ ಜವಾರಿ ಕೋಳಿ ಅಂತ ಬರಸ್ತೀನಿ."

ಜವಾರಿಯೆಂದರೆ ನಾಟಿ ತಳಿ, ಅದರ ರೇಟೇ ಬೇರೆ. ಅಕ್ಕನ ಮುಖ ಅರಳಿದ್ದು ಅರ್ಧಕ್ಕೇ ನಿಂತಿತು. "ಇವು ಜವಾರಿ ಅಲ್ರೀ ಮಾವಶಿ. ಬಾಯ್ಲರ್."

"ಮತ್ತೇನ್ ಬರೀಲಿ? ಹೊರಗ ಕುಂತ ಬಾಯ್ಲರ್ ಅಂತನಽ?"

ನನಗೆ ನಗು ಬಂತು, ಅಕ್ಕನಿಗೆ ಬರಲಿಲ್ಲ. "ಜವಾರಿ ಅಂತ ಬರಿಯೂದಿದ್ರ ನಾ ಕೊಡಾಂಗಿಲ್ಲ," ಎಂದಳು. ಹೂಂ ಅನ್ನು ಎಂದು ನಾನು ಕಣ್ಸನ್ನೆ ಮಾಡಿದೆ. ನನ್ನ ಕಡೆ ನೋಡಲೂ ಇಲ್ಲ.

ಮಾವಶಿ ಕಪ್ಪು ಕೆಳಗಿಟ್ಟು, "ಏನೂ ಬರಿಯಾಂಗಿಲ್ಲ ತಗೋ. ದಿನದ ಸಾರಿಗೆ ಹಾಕ್ತೀನಿ. ಬಾಯ್ಲರ್ ರೇಟಿನಾಗ," ಎಂದಳು. ಅಕ್ಕ ಕಟ್ಟೆಯ ಮೇಲಿದ್ದ ಮಾವನ ಕಡೆ ನೋಡಿದಳು. ಅವರು ಆಗಲಿ ಎಂಬಂತೆ ತಲೆಯಾಡಿಸಿದರು. ಬ್ಯಾಚ್ ಉಳಿಯಿತು, ಬಾಗಿಲೂ.

ಮಾವಶಿಯ ಗಾಡಿ ಹೋದ ಮೇಲೆ ಕೇಳಿದೆ, "ತಿನ್ನಾವ್ರಿಗೆ ಗೊತ್ತಾಗಾಂಗಿಲ್ಲ. ಕೋಳಿಗೆ ಅಷ್ಟು ಬೇಕಾಗಿಲ್ಲ. ರೇಟೂ ಹೆಚ್ಚಿಲ್ಲ. ಮತ್ತ ಬಾಗಲಾ ಯಾರಿಗೆ?"

"ಗೊತ್ತಿಲ್ಲೋ," ಎಂದಳು ಅಕ್ಕ. ಡಿಬೇಟಿನಲ್ಲಿ ಎದುರಾಳಿ ಹಾಗೆ ಅಂದರೆ ಆ ಸುತ್ತು ನನ್ನದೇ. ಆದರೆ ನಾನು ಎದ್ದು ಅವಳ ಹಿಂದೆ ಹುಲ್ಲಿಗಿಳಿದೆ. ಕತ್ತಲಾಗುತ್ತಿತ್ತು. ಹೊರಗೆ ಕುಳಿತವುಗಳನ್ನು ಒಳಗೆ ಸೇರಿಸಬೇಕಿತ್ತು, ಈಗ ಅವು ಏಳಲು ಒಲ್ಲವು. ಒಂದೊಂದನ್ನೇ ಎತ್ತಿಕೊಂಡು ಒಳಗೆ ಬಿಟ್ಟೆವು.