ಹೊಲಿಯುತ್ತಾ ಕೇಳಿದ ಕಾಡು

ಕಾಡು, ಹಿಮ, ಸಮುದ್ರ ಅಂತ ಹೊರಟು ಬದುಕಿ ಬಂದವರು ಬರೆದ ಪುಸ್ತಕಗಳನ್ನು ನಾನು ಓದಿದ್ದು ಒಂದೂ ಇಲ್ಲ. ಕೇಳಿದ್ದು ಬೇಕಾದಷ್ಟು. ಚಾಮರಾಜನಗರದಲ್ಲಿ ನಿವೃತ್ತ ಕಾಲೇಜು ಮೇಡಂ ಒಬ್ಬರ ಮನೆಯ ಮುಂಗೋಣೆಯನ್ನು ಬಾಡಿಗೆಗೆ ಹಿಡಿದು ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೆ. ಸಕ್ಕರೆ ಕಾಯಿಲೆಯಿಂದ ಮೇಡಂಗೆ ಕಣ್ಣು ಹೋಗಿತ್ತು. ಕಣ್ಣು ಕಾಣದವರಿಗೆಂದು ಪುಸ್ತಕ ಓದಿ ರೆಕಾರ್ಡ್ ಮಾಡುವವರು ಮೈಸೂರಿನಿಂದ ಅವರಿಗೆ ಅಂಚೆಯಲ್ಲಿ ಕ್ಯಾಸೆಟ್ ಕಳಿಸುತ್ತಿದ್ದರು, ಕೆಲವು ವರ್ಷ ಕಳೆದ ಮೇಲೆ ಸಿ.ಡಿ. ಬರತೊಡಗಿತು. ಕಾದಂಬರಿ ಬಂದರೆ ಮೇಡಂ ವಾಪಸ್ ಕಳಿಸಿಬಿಡುತ್ತಿದ್ದರು. "ಸುಳ್ಳು ಕೇಳೋ ವಯಸ್ಸು ಮುಗೀತಮ್ಮ, ಇನ್ನು ನಿಜವಾಗಿ ನಡೆದದ್ದೇ ಬೇಕು" ಅನ್ನುತ್ತಿದ್ದರು. ಅವರ ನಡುಮನೆಗೂ ನನ್ನ ಮೆಷಿನ್ನಿಗೂ ನಡುವೆ ಇದ್ದದ್ದು ಒಂದು ಪರದೆ. ಹೀಗಾಗಿ ನಾನೂ ಕೇಳುವವಳಾದೆ.

ಆ ಹೊತ್ತಿಗೆ ನಮ್ಮ ಮನೆಯವರು ತೀರಿಕೊಂಡು ಹೆಚ್ಚು ಕಾಲ ಆಗಿರಲಿಲ್ಲ. ಗುಂಡ್ಲುಪೇಟೆಯವರು. ಕಾಡಿನ ಕೆಲಸದವರಿಗೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಬಂಡೀಪುರದ ಆಚೆ ಒಂದು ಕಾಡುದಾರಿಯಲ್ಲಿ ಬಿದಿರು ಅಡ್ಡ ಬಿದ್ದಿತ್ತಂತೆ, ಎಳೆದು ಹಾಕೋಣ ಅಂತ ಇಳಿದರಂತೆ, ಪಕ್ಕದ ಪೊದೆಯಲ್ಲಿ ಆನೆ ಇತ್ತಂತೆ. ನನಗೆ ಗೊತ್ತಿದ್ದದ್ದು ಈ ಮೂರು 'ಅಂತೆ' ಮಾತ್ರ. ಮನೆಗೆ ತಂದಾಗ ಪೂರ್ತಿ ಸುತ್ತಿ ತಂದಿದ್ದರು, ಸಂಜೆಯೊಳಗೆ ಗಂಡಸರು ಎತ್ತಿಕೊಂಡು ಹೋದರು. ನಾನು ಅಳಲಿಲ್ಲ. ಅಳಬಾರದು ಅಂತ ಹಟವೇನಿರಲಿಲ್ಲ, ಬರಲಿಲ್ಲ ಅಷ್ಟೆ. ನೆಂಟರ ಹೆಂಗಸರು ನನ್ನ ಮುಖ ನೋಡಿ ನೋಡಿ ಸುಸ್ತಾಗಿ ಚಹಾ ಕುಡಿಯೋಕೆ ಎದ್ದು ಹೋದರು. ಗಂಡ ಸತ್ತವಳು ಮನೆಯೊಳಗೇ ಕೂರುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮೇಲೆ ತವರಿಗೆ, ಚಾಮರಾಜನಗರಕ್ಕೆ ಬಂದೆ. ಸೂಜಿ ಬೆರಳಿಗೆ ಚುಚ್ಚಿದರೆ ಬಟ್ಟೆ ಮೇಲೆ ಕಲೆ ಕಂಡಮೇಲೆಯೇ ತಿಳಿಯುತ್ತಿದ್ದ ಕಾಲ ಅದು.

ಪುಸ್ತಕಗಳ ವಿಷಯಕ್ಕೆ ಬರುತ್ತೇನೆ. ಮೊದಲು ಬೆಟ್ಟ ಹತ್ತುವವರದು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಇವರು ಹತ್ತಿರ ಹೋಗಿ ಅದು ನುಣ್ಣಗಿಲ್ಲ ಅಂತ ತಿಳಿಯೋಕೆ ಕಾಲ್ಬೆರಳು ಕಳಕೊಳ್ಳುತ್ತಾರೆ. ಏಪ್ರಿಲ್ ತಿಂಗಳಲ್ಲಿ ಶೀಟಿನ ಕೆಳಗೆ ಕೂತು ಸೀರೆಗೆ ಫಾಲ್ಸ್ ಹೊಲಿಯುವಾಗ ಅವರ ಚಳಿ ಕೇಳೋಕೆ ಹಿತವಾಗಿರುತ್ತಿತ್ತು, ಅದಕ್ಕಿಂತ ಹೆಚ್ಚೇನೂ ಅನ್ನಿಸಲಿಲ್ಲ. ಒಬ್ಬನೇ ದೋಣಿಯಲ್ಲಿ ಸಮುದ್ರ ದಾಟುವವರು ಇನ್ನೊಂದು ಜಾತಿ. ಕುಡಿಯುವ ನೀರು, ಗಾಳಿ, ಹಾರುವ ಮೀನು ಎಲ್ಲ ಹೇಳುತ್ತಾರೆ, ಮನೆಯಲ್ಲಿ ಯಾರನ್ನು ಬಿಟ್ಟು ಬಂದೆ ಅಂತ ಮಾತ್ರ ಹೇಳುವುದಿಲ್ಲ. ಮೇಡಂ ಅವರ ಪರ ವಹಿಸುತ್ತಿದ್ದರು. "ಅದು ಅವನ ಸ್ವಂತ ವಿಷಯ ಕಣಮ್ಮ." ಇರಬಹುದು. ಹಾಗಾದರೆ ಅವನ ಹೊಟ್ಟೆ ಕೆಟ್ಟ ವಿಷಯ ನನಗ್ಯಾಕೆ ಅಂತ ನಾನು ಪರದೆ ಈಚೆಯಿಂದ ಕೇಳಿದೆ. ಮೇಡಂ ನಕ್ಕರು.

ಓದುವವರ ಬಗ್ಗೆಯೂ ನನ್ನದೊಂದು ಮಾತಿದೆ. ಪುಸ್ತಕ ಅರ್ಧ ಬರೆದವನದಾದರೆ ಅರ್ಧ ಓದಿದವರದು. ವಾರ್ತೆ ಓದಿದ ಹಾಗೆ ಓದುವ ಗಂಡಸೊಬ್ಬರಿದ್ದರು. ಅವರ ಬಾಯಲ್ಲಿ ಹುಲಿ ಬಂದರೂ ಒಂದೇ, ಮಂತ್ರಿ ಬಂದರೂ ಒಂದೇ. ಇನ್ನೊಬ್ಬರು ಅಪಾಯ ಹತ್ತಿರ ಬಂದಹಾಗೆಲ್ಲ ಉಸಿರು ಎಳೆದು ನಮ್ಮನ್ನು ಹೆದರಿಸೋಕೆ ನೋಡುತ್ತಿದ್ದರು. ನನಗೆ ಹಿಡಿಸಿದ್ದು ಒಬ್ಬರೇ ಒಬ್ಬರು, ಯಾವುದೋ ಮನೆಯಲ್ಲಿ ಕೂತು ಓದಿದ ಹೆಂಗಸು. ಹಿಮದ ಬಯಲಲ್ಲಿ ಮೂವರು ಹಸಿದು ನಡೆಯುತ್ತಿರುವಾಗ ಹಿಂದುಗಡೆ ಕುಕ್ಕರ್ ಕೂಗಿತು. ಆಕೆ ಒಂದು ಕ್ಷಣ ನಿಲ್ಲಿಸಿ, ಎದ್ದು ಹೋಗಿ ಬಂದು, ಮುಂದಿನ ಸಾಲು ಓದಿದರು. ಅದನ್ನು ಯಾರೂ ಅಳಿಸಿರಲಿಲ್ಲ. ಅವರು ಓದಿದ್ದನ್ನೆಲ್ಲ ನಾನು ನಂಬಿದೆ.

ಕಾಡಿನ ಪುಸ್ತಕ ಬಂದಾಗ ಮೇಡಂ ಮೊದಮೊದಲು ಅಳುಕುತ್ತಿದ್ದರು. ಸದ್ದು ಕಡಿಮೆ ಮಾಡಿ ಕೇಳುತ್ತಿದ್ದರು. ನಾನೇ ಹೋಗಿ ಜೋರು ಮಾಡಿ ಬಂದೆ. ನನಗೆ ಬೇಕಾಗಿದ್ದದ್ದೂ ಅದೇ. ನಮ್ಮವರು ಬಿದ್ದ ಜಾಗ ಹೇಗಿದೆ ಅನ್ನುವುದು ನನಗೆ ಗೊತ್ತಿರಲಿಲ್ಲ, ಹೋಗಿ ನೋಡುವ ಧೈರ್ಯ ಇರಲಿಲ್ಲ, ಯಾರನ್ನಾದರೂ ಕೇಳಿದರೆ ಹೇಳಿಬಿಡುತ್ತಾರಲ್ಲ ಅನ್ನುವ ಭಯ ಬೇರೆ. ಪುಸ್ತಕವಾದರೆ ಅದರ ಪಾಡಿಗೆ ಹೇಳುತ್ತದೆ, ನನ್ನ ಮುಖ ನೋಡುವುದಿಲ್ಲ. ಕೇಳುತ್ತಾ ಕೇಳುತ್ತಾ ಎಲ್ಲಾದರೂ ಒಂದು ಕಡೆ ಎದೆಗೆ ತಾಗೀತು, ಒಂದು ಸಲ ಅತ್ತುಬಿಟ್ಟರೆ ನಾನೂ ಎಲ್ಲರ ಹಾಗೆ ಮನುಷ್ಯಳಾದೇನು ಅಂತ ಕಾಯುತ್ತಿದ್ದೆ.

ತಾಗಲಿಲ್ಲ. ಕಾಡಿನ ಪುಸ್ತಕಗಳದ್ದೆಲ್ಲ ಒಂದೇ ಹಾಡು. ಬರೆದವನು ಬದುಕಿರುತ್ತಾನೆ, ಇಲ್ಲದಿದ್ದರೆ ಬರೆಯುವುದು ಯಾರು? ಅವನ ಜೊತೆ ಒಬ್ಬ ದಾರಿ ತೋರುವವನೋ, ಅಡುಗೆಯವನೋ, ಗಾಡಿ ಓಡಿಸುವವನೋ ಇರುತ್ತಾನೆ. ಅವನಿಗೆ ಹೆಸರಿರುವುದಿಲ್ಲ, ಇದ್ದರೂ ಅಡ್ಡಹೆಸರು. ಸಾಯುವ ಸರದಿ ಬಂದರೆ ಅವನು ಒಂದು ಸಾಲಿನಲ್ಲಿ ಸಾಯುತ್ತಾನೆ. ಮುಂದಿನ ಸಾಲಿನಲ್ಲಿ ಸೂರ್ಯ ಹುಟ್ಟುತ್ತಾನೆ, ಎಷ್ಟು ಚೆಂದ ಹುಟ್ಟಿದ ಅಂತ ಅರ್ಧ ಪುಟ. ನಾನು ಕ್ಯಾಸೆಟ್ ಹಿಂದಕ್ಕೆ ಓಡಿಸಿ ಆ ಒಂದು ಸಾಲನ್ನು ಮತ್ತೆ ಕೇಳುತ್ತಿದ್ದೆ. ಎಷ್ಟು ಸಲ ಕೇಳಿದರೂ ಅದು ಒಂದೇ ಸಾಲು. ಕೋಪ ಬರಬೇಕಿತ್ತು, ಅದೂ ಬರಲಿಲ್ಲ. ಉಡಿಗಾಲದ ಕಡೆಯವರ ಮದುವೆ ರವಿಕೆಗಳು ಬಾಕಿ ಇದ್ದವು, ಹುಕ್ಕು ಹಾಕೋಕೆ ಕೂತೆ.

ಕೆಲವು ವರ್ಷ ಹೀಗೇ ಹೋಯಿತು. ಆಮೇಲೊಂದು ಸಿ.ಡಿ. ಬಂತು. ನಮ್ಮ ಕಡೆಯ ಕಾಡುಗಳಲ್ಲೇ ಸುತ್ತಿದ ಯಾವನೋ ಒಬ್ಬನ ಪುಸ್ತಕ. ಹಿಂದುಗಡೆ ಕೊಳಲು, ಹಕ್ಕಿ ಸದ್ದು ಬೇರೆ ಸೇರಿಸಿದ್ದರು. ಮಧ್ಯಾಹ್ನ ಮೇಡಂ ಅವರೆಕಾಯಿ ಬಿಡಿಸುತ್ತಾ ಕೇಳುತ್ತಿದ್ದರು, ನಾನು ಒಂದು ತೋಳು ಬಿಚ್ಚಿ ಮತ್ತೆ ಕೂಡಿಸುತ್ತಿದ್ದೆ. ಬಂಡೀಪುರ ದಾಟಿ ಒಳದಾರಿಯಲ್ಲಿ ಹೋಗುವಾಗ, ಒಂದು ಹಳ್ಳದ ತಿರುವಿನಲ್ಲಿ ಜೊತೆಗಿದ್ದ ಕಾಡು ಕಾಯುವ ವಾಚರ್ ಜೀಪು ನಿಲ್ಲಿಸಿದನಂತೆ. ಇಳಿದು ಸೊಪ್ಪಿನ ಕೊಂಬೆ ಮುರಿದು ದಾರಿ ಪಕ್ಕದ ರಾಶಿ ಮೇಲೆ ಹಾಕಿ ಬಂದನಂತೆ. ಯಾಕೆ ಅಂತ ಬರೆದವನು ಕೇಳಿದರೆ, ಹೊತ್ತಾಯ್ತು ಹತ್ತಿ ಅಂದನಂತೆ. ರಾಶಿಯ ಮೇಲೆ ಎಲ್ಲ ಕಾಡು ಸೊಪ್ಪಿನ ನಡುವೆ ಕೈಗೆ ಹಚ್ಚುವ ಗೋರಂಟಿಯ ಎರಡು ಕಡ್ಡಿ, ದಾರದಲ್ಲಿ ಜೋಡಿಸಿ ಕಟ್ಟಿದ್ದು, ಇತ್ತಂತೆ. ಆ ಕಾಡಿನಲ್ಲಿ ಗೋರಂಟಿ ಬೆಳೆಯುವುದಿಲ್ಲ. ಹಾಗಾಗಿ ಇದು ಮದುವೆ ಕೂಡಿಸುವ ಯಾವುದೋ ವನದೇವತೆ, ಹೆಣ್ಣುಮಕ್ಕಳು ಹರಕೆ ಹೊತ್ತು ಊರಿಂದ ತಂದು ಇಡುತ್ತಾರೆ ಅಂತ ಅವನು ತೀರ್ಮಾನ ಮಾಡಿದ್ದ. ಆಮೇಲೆ ಆ ದೇವತೆಯ ಬಗ್ಗೆ ಬಹಳ ಹೊತ್ತು ಹೇಳಿದ.

"ಎಷ್ಟು ಚೆನ್ನಾಗಿದೆ ಅಲ್ಲವಾ" ಅಂದರು ಮೇಡಂ.

ನಾನು ಮೆಷಿನ್ ನಿಲ್ಲಿಸಿದ್ದೆ. ಆ ರಾಶಿ ಯಾವುದು ಅಂತ ನನಗೆ ಗೊತ್ತಿತ್ತು. ನಮ್ಮವರ ನಲವತ್ತನೇ ದಿನದ ಫಾತೆಹಾಕ್ಕೆ ಕಾಡಿನ ವಾಚರುಗಳು ಗುಂಡ್ಲುಪೇಟೆಯ ಮನೆಗೆ ಬಂದಿದ್ದರು. ಊಟ ಮಾಡಿ ಹೊರಡುವಾಗ ಅವರಲ್ಲಿ ಹಿರಿಯವನು ಬಾಗಿಲ ಬಳಿ ನಿಂತು ಹೇಳಿದ್ದ: "ಅಕ್ಕ, ಕಾಡಲ್ಲಿ ನಮ್ಮೋರು ಯಾರಾರ ತೀರ್ಕೊಂಡ್ರೆ ಆ ಜಾಗದಲ್ಲಿ ಸೊಪ್ಪು ಆಕ್ತೀವಿ ಕಣಕ್ಕ. ಆ ದಾರೀಲಿ ಯಾರು ಓದ್ರೂ ಇಳ್ದು ಒಂದ್ ಕೊಂಬೆ ಆಕ್ಬುಟ್ಟೇ ಮುಂದಕ್ಕೆ ಓಗೋದು. ಅಣ್ಣಂಗೂ ಆಕ್ತಾ ಇದೀವಿ. ಆ ಹಳ್ಳದ ತಿರುವಲ್ಲಿ. ನೀವೂ ಒಂದ್ ಸಲ ಬಂದು ಆಕಿ." ಒಳಗಿನಿಂದ ಅತ್ತೆ ಉತ್ತರ ಕೊಟ್ಟಿದ್ದರು. "ನಮ್ಮಲ್ಲಿ ಅದೆಲ್ಲ ಇಲ್ಲ ಮಗಾ. ನೀವು ಹಾಕ್ತೀರಲ್ಲ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ." ಅಲ್ಲಿಗೆ ಮಾತು ಮುಗಿದಿತ್ತು. ಬೇಡ ಅಂದದ್ದು ಅವರಾದ್ದರಿಂದ ನಾನು ಹೋಗದಿರೋಕೆ ಒಂದು ನೆಪ ಸಿಕ್ಕಿತ್ತು.

ಆದರೆ ಗೋರಂಟಿ? ಗುಂಡ್ಲುಪೇಟೆಯ ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ಗೋರಂಟಿ ಗಿಡ ಇದೆ. ಹಬ್ಬಕ್ಕೆ ಇಡೀ ಬೀದಿಯ ಹೆಣ್ಣುಮಕ್ಕಳಿಗೆ ಅದೇ ಗಿಡದ ಸೊಪ್ಪು. ಅತ್ತೆಯನ್ನು ಕೇಳದೆ ಒಂದು ಎಲೆ ಕೀಳೋಕೂ ಯಾರಿಗೂ ಧೈರ್ಯವಿಲ್ಲ. ನಾನು ಪರದೆ ಸರಿಸಿ ಒಳಗೆ ಹೋಗಿ, ಆ ಭಾಗವನ್ನು ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದೆ. ಮೇಡಂಗೆ ಸಂಗತಿ ಹೇಳಿದೆ. ಅವರು ಅವರೆಕಾಯಿ ಮೊರವನ್ನು ಪಕ್ಕಕ್ಕಿಟ್ಟು, "ಹೇಳೋನಿಗೆ ತಿಳೀಲಿಲ್ಲ, ಕೇಳೋಳಿಗೆ ತಿಳೀತಲ್ಲ. ಅಂಗಡಿ ಮುಚ್ಚು, ಹೋಗಿ ಬಾ" ಅಂದರು.

ಗುಂಡ್ಲುಪೇಟೆಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಸಿಕ್ಕಿತು. ಕಿಟಕಿಯಾಚೆ ಹೊಲ ತುಂಬ ಚೆಂಡುಹೂ, ಕಣ್ಣಿಗೆ ಹೊಡೆಯುವಷ್ಟು. ನಾನು ನೋಡಲಿಲ್ಲ. ಅತ್ತೆ ಹಿತ್ತಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ಹೇಳದೆ ಕೇಳದೆ ಬಂದದ್ದಕ್ಕೆ ಆಶ್ಚರ್ಯವನ್ನೂ ತೋರಿಸಲಿಲ್ಲ, ನೀರು ಕುಡಿ ಅಂದರು. ನಮ್ಮ ಮನೆಮಾತು ಉರ್ದು. ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕಾಡಿಗೆ ಗೋರಂಟಿ ತಗೊಂಡು ಹೋಗೋದು ನೀವೇನಾ?" ಅಂದೆ.

ಅತ್ತೆ ಅಕ್ಕಿಯಿಂದ ಒಂದು ಕಲ್ಲು ಹೆಕ್ಕಿ ಎಸೆದರು. "ಯಾರು ಹೇಳಿದ್ದು? ಹೇಳಬೇಡಿ ಅಂದಿದ್ದೆನಲ್ಲ ಆ ವಾಚರುಗಳಿಗೆ."

"ಪುಸ್ತಕದಲ್ಲಿ ಬಂದಿದೆ."

ಅವರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಊಟಿ ಬಸ್ಸಿನಲ್ಲಿ ಬಂಡೀಪುರಕ್ಕೆ ಹೋಗಿ ಇಳಿಯುತ್ತಾರಂತೆ, ಅಲ್ಲಿಂದ ವಾಚರುಗಳ ಜೀಪು. ಮೊಣಕಾಲು ನೋವಿನಿಂದ ಪಕ್ಕದ ಬೀದಿಗೂ ಹೋಗದ ಹೆಂಗಸು.

"ನಮ್ಮಲ್ಲಿ ಇಲ್ಲ ಅಂದಿರಲ್ಲ ನೀವು, ಆವತ್ತು."

"ಇಲ್ಲ ಅಂತ ಹೇಳದೆ ಮತ್ತೇನು ಹೇಳಲಿ, ಮನೆ ತುಂಬ ಜನ ಇದ್ದಾಗ?" ಮೊರವನ್ನು ತೊಡೆಯಿಂದ ಇಳಿಸಿದರು. "ಖಬರಸ್ತಾನಕ್ಕೆ ಗಂಡಸರು ಹೋಗ್ತಾರೆ, ಗೋರಿ ಮೇಲೆ ಹಸಿ ಕಡ್ಡಿ ಇಟ್ಟು ಬರ್ತಾರೆ. ಹೆಂಗಸರನ್ನ ನಮ್ಮೂರಲ್ಲಿ ಗೇಟಿನ ಒಳಗೆ ಬಿಡಲ್ಲ. ಹೆತ್ತವಳು ನಾನು ಎಲ್ಲಿಡಲಿ? ಕಾಡಿಗೆ ಗೇಟಿದ್ರೂ ಆ ವಾಚರುಗಳು ಬೇಡ ಅನ್ನಲ್ಲ. ಇಡು ಅಮ್ಮ ಅಂತಾರೆ. ಇಟ್ಟು ಬರ್ತೀನಿ."

ಇಷ್ಟು ವರ್ಷ ನಾನು ಇವರನ್ನು ಕಟುಕ ಮನಸ್ಸಿನವರು ಅಂದುಕೊಂಡಿದ್ದೆ. ಅವರು ನನ್ನನ್ನು ಕಲ್ಲು ಅಂದುಕೊಂಡಿದ್ದಾರೆ ಅಂತಲೂ ಅಂದುಕೊಂಡಿದ್ದೆ. ಎರಡು ಕಡ್ಡಿ ಯಾಕೆ ಅಂತ ಕೇಳಿದೆ.

"ಒಂದು ನಂದು" ಅಂದರು ಅತ್ತೆ. "ಇನ್ನೊಂದು ನಿಂದು. ನಿನ್ನ ಕೈಲಿ ಆಗೋ ತನಕ ನಿನ್ನದನ್ನೂ ನಾನೇ ಇಡ್ತಿದ್ದೆ. ಹೆಂಡತಿದು ಇಲ್ಲ ಅಂತ ಅವನಿಗೆ ಅನ್ನಿಸಬಾರದಲ್ಲ."

ಎದೆಯೊಳಗಿಂದ ಏನೋ ಬೇರುಸಮೇತ ಕಿತ್ತುಬಂದ ಹಾಗಾಯಿತು. ಬಾಯಿಂದ ಹೊರಟ ಸದ್ದು ನನ್ನದೇ ಅಂತ ನನಗೇ ತಿಳಿಯಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಅಳುತ್ತಲೇ ಇದ್ದೆ. ಅತ್ತೆ ಸಮಾಧಾನ ಮಾಡಲಿಲ್ಲ. ಅಕ್ಕಿ ಆರಿಸಿ ಮುಗಿಸಿದರು, ಒಲೆ ಹಚ್ಚಿದರು, ಇಬ್ಬರಿಗೂ ಅನ್ನಕ್ಕಿಟ್ಟರು.

ಮಾರನೆಯ ಬೆಳಿಗ್ಗೆ ಹೊರಟೆವು. ಜಾಗ ಪುಸ್ತಕದವನು ಹೇಳಿದಷ್ಟು ಚೆಂದವೇನೂ ಇರಲಿಲ್ಲ. ಒಂದು ತಿರುವು, ಒಣಗಿದ ಹಳ್ಳ, ಲಂಟಾನ ಪೊದೆ, ಬಿದಿರು. ನೋಡಬಹುದಾದ ಜಾಗವೇ. ಇಷ್ಟಕ್ಕೆ ಇಷ್ಟು ವರ್ಷ ಹೆದರಿದೆನಲ್ಲ ಅನ್ನಿಸಿತು. ಜೀಪಿನಲ್ಲಿ ಬಂದವರೆಲ್ಲ ಇಳಿದು ಒಂದೊಂದು ಕೊಂಬೆ ಹಾಕಿದರು. ಕೊನೆಗೆ ನಾವಿಬ್ಬರು ಹೋದೆವು. ಹಿತ್ತಲಿನ ಗಿಡದಿಂದ ಆ ಬೆಳಿಗ್ಗೆ ಅತ್ತೆ ತಮ್ಮದೊಂದೇ ಕಡ್ಡಿ ಮುರಿದುಕೊಂಡು, ನನ್ನದನ್ನು ನನಗೆ ಬಿಟ್ಟಿದ್ದರು.