ಎಲ್ಲರಿಗೂ ಉತ್ತರ

ಕೊಳ್ಳೇಗಾಲದ ಕಾಲೇಜಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು, ನನ್ನ ಪಕ್ಕದ ಮೇಜಿನವರು ಇತಿಹಾಸದ ಮೇಷ್ಟ್ರು. ವಿಶ್ವವಿದ್ಯಾಲಯದ ಅಧ್ಯಾಪಕರ ಗುಂಪಿಗೆ ಯಾವ ಇಮೇಲ್ ಬಂದರೂ ತೋರುಬೆರಳಲ್ಲಿ ಒಂದೊಂದೇ ಅಕ್ಷರ ಕುಟ್ಟಿ ಇಡೀ ಗುಂಪಿಗೇ ಉತ್ತರಿಸುತ್ತಿದ್ದರು. ಯಾಕೆ ಅಂದರೆ, "ಒಬ್ರಿಗೆ ಯೋಳಿ ಇನ್ನೊಬ್ರಿಗೆ ಯೋಳ್ದಿದ್ರೆ ಬೇಜಾರ್ ಮಾಡ್ಕತರೆ ಸಾ" ಅನ್ನುವರು.

ನನ್ನ ಪಿಎಚ್‌ಡಿ ಪ್ರಬಂಧ ತಿರಸ್ಕೃತವಾದದ್ದನ್ನು ಅವರೊಬ್ಬರಿಗೇ ಹೇಳಿಕೊಂಡಿದ್ದೆ. ಮರುದಿನ ಅವರು ನನಗೆ ಬರೆದ ಸಮಾಧಾನದ ಇಮೇಲ್ ಗುಂಪಿಗೂ ಹೋಗಿತ್ತು. ಹನೂರು, ಯಳಂದೂರಿನಿಂದ ಮುಖಪರಿಚಯವೂ ಇಲ್ಲದವರು ಫೋನ್ ಮಾಡಿ ಧೈರ್ಯ ಹೇಳಿದರು. ತಡೆಯಲಾರದೆ ಮೇಷ್ಟ್ರನ್ನು ಚೆನ್ನಾಗಿ ಬೈದೆ. ಅವರ ಮುಖ ಸಪ್ಪಗಾಯಿತು.

"ತಪ್ಪಾಯ್ತು ಸಾ, ಈಗ್ಲೇ ಸರಿ ಮಾಡ್ತೀನಿ" ಎಂದು ಕಂಪ್ಯೂಟರ್ ಮುಂದೆ ಕೂತರು.

ಸಂಜೆ ಗುಂಪಿನ ಎಲ್ಲರಿಗೂ ಅವರ ಇಮೇಲ್ ಬಂತು: "ನಮ್ಮ ಇಂಗ್ಲಿಷ್ ಮೇಷ್ಟ್ರ ಪ್ರಬಂಧ ತಿರಸ್ಕೃತವಾದ ವಿಷಯವನ್ನು ದಯವಿಟ್ಟು ಎಲ್ಲರೂ ಮರೆತುಬಿಡಬೇಕಾಗಿ ವಿನಂತಿ."